ಉದ್ದದ ಸಾಲಿಗೆ ಗೆಲುವು

ನವ್ಯಶ್ರೀಗೆ ಯಾರಿಗೂ "ಇಲ್ಲ" ಎನ್ನಲು ಬರುತ್ತಿರಲಿಲ್ಲ. ಇದನ್ನು ಅವಳು ತನ್ನ ಡೈರಿಗೆ ಮಾತ್ರ ಹೇಳಿಕೊಂಡಿದ್ದಳು. ಬಿ.ಎ. ಮುಗಿಸಿ ಕುವೈತಿಗೆ ಟೈಪಿಸ್ಟಾಗಿ ಬಂದವಳಿಗೆ ಖೈತಾನಿನಲ್ಲಿ ಕೋಣೆ ಕೊಟ್ಟ ಕುಸುಮಾವತಿ ಕನ್ನಡ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದರು. ಅವಳ ಇಕಾಮಾ, ಅಂದರೆ ವಾಸದ ಪರವಾನಗಿ, ಮುಂದುವರಿಸುವ ಕಾಗದವನ್ನು ವೀಸಾ ಕೊಟ್ಟ ಧಣಿ ಕಫೀಲನ ಮುಂದಿಡಬೇಕಾದ ಆಫೀಸಿನ ಮ್ಯಾನೇಜರ್ ಕಾಂತಪ್ಪನವರೂ ಅದೇ ಸ್ಥಾನಕ್ಕೆ ನಿಂತಿದ್ದರು. ಇಬ್ಬರೂ ಓಟು ಕೇಳಿದ್ದರು. ಇಬ್ಬರಿಗೂ ಅವಳು "ಆಯ್ತು" ಎಂದಿದ್ದಳು. ಚೀಟಿಯ ಓಟು, ಯಾರಿಗೆ ತಿಳಿಯುತ್ತದೆ ಎಂಬುದೊಂದೇ ಧೈರ್ಯ.

ಯಾರು ಗೆದ್ದರೂ ಅಧ್ಯಕ್ಷ ಕಮಲಾಕ್ಷರ ಬಣದವರೇ. ಬೇರೆ ಬಣ ಇರಲೇ ಇಲ್ಲ. ಕುವೈತಿಗೆ ಬರುವ ಮೊದಲು ಕಮಲಾಕ್ಷರು ಆಫ್ರಿಕಾದ ಒಂದು ದೇಶದಲ್ಲಿ ಬಟ್ಟೆ ಅಂಗಡಿ ನಡೆಸಿದ್ದರು. ಬ್ರಿಟಿಷರು ಹೋದ ಮೇಲೆ ಅಲ್ಲಿ ಉಳಿದದ್ದು ಒಂದೇ ಪಕ್ಷ. ಪಾರ್ಲಿಮೆಂಟಿಗೆ ಆ ಪಕ್ಷದವರ ಎದುರು ಆ ಪಕ್ಷದವರೇ ನಿಂತು, ಸೋತವರೂ ಗೆದ್ದವರೂ ಒಬ್ಬನೇ ನಾಯಕನಿಗೆ ಜೈ ಎನ್ನುತ್ತಿದ್ದರು. ಇಷ್ಟು ಅಚ್ಚುಕಟ್ಟಾದ ಚುನಾವಣೆಯನ್ನು ಅವರು ಮತ್ತೆಲ್ಲೂ ಕಂಡಿರಲಿಲ್ಲ.

ಚುನಾವಣೆಯ ಶುಕ್ರವಾರ, ಸಂಘ ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ಅವರು ಮೈಕ್ ಹಿಡಿದರು. "ಈ ಸಲ ಚೀಟಿ ಖಲಾಸ್. ನಾನಿದ್ದ ದೇಶದಲ್ಲಿ ಪಾರ್ಲಿಮೆಂಟ್ ಓಟಿಗೇ ಚೀಟಿ ತೆಗ್ದು ಹಾಕಿದ್ರು. ನಿಮಗೆ ಬೇಕಾದವರ ಹಿಂದೆ ಸಾಲು ನಿಲ್ಲಿ. ಉದ್ದದ ಸಾಲು ಗೆಲ್ತದೆ."

"ಅಲ್ಲಿ ಗಿಡ್ಡ ಸಾಲಿನವ್ರೂ ಗೆದ್ದದ್ದುಂಟಂತಲ್ಲ?" ನರ್ಸ್ ಬ್ರಿಜಿಟ್ ಕೇಳಿದಳು.

"ಅದು ಎಣಿಸುವವರಿಗೆ ಬಿಟ್ಟದ್ದು. ಇಲ್ಲಿ ನಾನೇ ಎಣಿಸ್ತೇನೆ, ಹೆದರ್ಬೇಡಿ."

ಚೀಟಿಯ ಧೈರ್ಯವೂ ಹೋದ ನವ್ಯಶ್ರೀ ಬಾಗಿಲು ಎಷ್ಟು ದೂರವಿದೆಯೆಂದು ನೋಡಿದಳು.

"ನವ್ಯಾ, ಬಾ ಮಾರಾಯ್ತಿ, ನನ್ನ ಹಿಂದೆಯೇ ನಿಲ್ಲು!" ಎಡದಿಂದ ಕುಸುಮಾವತಿ.

"ನವ್ಯಶ್ರೀ, ಯಲ್ಲಾ, ಬೇಗ ಬಾ ಈಚೆ!" ಬಲದಿಂದ ಕಾಂತಪ್ಪ.

"ಬಂದೆ" ಎಂದು ಇಬ್ಬರಿಗೂ ಹೇಳಿ ಅವಳು ನೇರ ನಡೆದಳು. ನೇರಕ್ಕೆ ಸಿಕ್ಕಿದ್ದು ಊಟದ ಮೇಜು. ಒಂದು ತಟ್ಟೆಯನ್ನು ಎದೆಗೆ ಹಿಡಿದು, ಮುಚ್ಚಿಟ್ಟ ಕೋಳಿ ಸುಕ್ಕದ ಪಾತ್ರೆಯನ್ನು ದೇವರ ಗುಡಿಯೆಂಬಂತೆ ನೋಡುತ್ತ ನಿಂತಳು.

ಬೆಳಿಗ್ಗೆಯಿಂದ ಕುರ್ಚಿ ಹೊತ್ತು ಹಸಿದಿದ್ದ ಆಂಥೋನಿ ಹಿಂದೆ ಬಂದು ನಿಂತ. "ಊಟ ಶುರುವಾಯ್ತಾ?"

ಇಲ್ಲ ಎನ್ನಲು ಬಾರದವಳು ಹೌದೆಂದು ತಲೆಯಾಡಿಸಿದಳು.

ಆಂಥೋನಿಯ ಹಿಂದೆ ಬ್ರಿಜಿಟ್, ಬ್ರಿಜಿಟ್‌ಳ ಹಿಂದೆ ಹಾಲಿನ ಅರ್ಧ ಜನ. ಕುಸುಮಾವತಿಯ ಸಾಲಿನಿಂದ ಅವರ ಗಂಡನೇ "ಈಗ ಬಂದೆ" ಎಂದು ಜಾರಿಕೊಂಡರು. ಕಾಂತಪ್ಪನವರ ಸಾಲಿನಲ್ಲಿ ಕೊನೆಗೆ ಉಳಿದವರು ಕಾಂತಪ್ಪ.

ಕಮಲಾಕ್ಷರು ಎಣಿಸಿದರು. ಸಾಲು ಬಾಗಿಲು ದಾಟಿದ್ದರಿಂದ ಹೊರಗೆ ಹೋಗಿಯೂ ಎಣಿಸಿದರು. "ಕಾರ್ಯದರ್ಶಿ, ನವ್ಯಶ್ರೀ!"

"ಅಣ್ಣಾ, ಅದು ಊಟದ ಸಾಲು!" ಕಾಂತಪ್ಪ ಕೂಗಿದರು.

"ಜನ ಯಾಕೆ ನಿಂತರು ಅಂತ ನಾವು ಕೇಳ್ಲಿಕ್ಕಿಲ್ಲ, ಕಾಂತಪ್ಪ. ಅಲ್ಲಿಯೂ ಕೇಳ್ತಿರ್ಲಿಲ್ಲ."

"ಮನೆಯಲ್ಲಿ ಜಾಗ ಕೊಟ್ರೆ ನನ್ನೆದುರೇ ನಿಂತ್ಳಲ್ಲ!" ಎಂದರು ಕುಸುಮಾವತಿ. ಕಾಂತಪ್ಪ ಇಕಾಮಾದ ಕಾಗದ ಯಾವ ಡ್ರಾಯರಿನಲ್ಲಿದೆಯೆಂದು ನೆನಪಿಸಿಕೊಳ್ಳುವವರಂತೆ ಅವಳನ್ನು ನೋಡಿದರು.

ಕಮಲಾಕ್ಷರು ಅವಳ ಬಾಯಿಗೆ ಮೈಕ್ ಹಿಡಿದರು. "ಹೊಸ ಕಾರ್ಯದರ್ಶಿಯ ಮೊದಲ ಕೆಲಸ, ಮುಂದಿನ ಅಧ್ಯಕ್ಷನೂ ನಾನೇ ಅಂತ ಸೂಚಿಸೋದು. ಹೇಳು ಮಗಾ."

"ಆಯ್ತು" ಎನ್ನಲು ಹೊರಟವಳು ಎದೆಗೆ ಹಿಡಿದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಅಂಕಲ್, ಓಟು ಕೊಡ್ತೇನೆ ಅಂತ ಕುಸುಮಕ್ಕನಿಗೂ ಹೇಳಿದ್ದೆ, ಕಾಂತಪ್ಪ ಸರ್‌ಗೂ ಹೇಳಿದ್ದೆ. ಎರಡೂ ಸುಳ್ಳು. ಮೂರನೆಯದು ನನ್ನಿಂದ ಆಗುದಿಲ್ಲ."