ಸಂಗ್ರಹಿಸಿದವರು: ಸಿದ್ದಲಿಂಗಪ್ಪ

ಧೈರ್ಯದ ವಿಷಯದಲ್ಲಿ ನಾನು ಬರೀ ಮಾತಿನ ಮಲ್ಲ. ಪ್ರತಿವರ್ಷ ವಿಜ್ಞಾನ ದಿನದಂದು ಮೂಢನಂಬಿಕೆಯ ವಿರುದ್ಧ ಮುಕ್ಕಾಲು ಗಂಟೆ ಭಾಷಣ ಮಾಡುತ್ತೇನೆ. ದೆವ್ವ ಎಂಬುದಿಲ್ಲ, ಇರುವುದು ನರಮಂಡಲ ಒಂದೇ ಎಂದು ಮೇಜು ಕುಟ್ಟಿ ಹೇಳುತ್ತೇನೆ. ಆದರೆ ನಮ್ಮ ಜೀವಶಾಸ್ತ್ರ ಪ್ರಯೋಗಾಲಯದ ಬೀಗ ತೆಗೆಯುವಾಗ ಮಾತ್ರ ಅಟೆಂಡರ್ ಗಂಗಣ್ಣನನ್ನು ಮುಂದೆ ಬಿಟ್ಟು ನಾನು ಹಿಂದೆ ನಿಲ್ಲುತ್ತೇನೆ. ಬಾಗಿಲು ತೆಗೆಯುವುದು ಅವನ ಕರ್ತವ್ಯ, ಅದಕ್ಕೆ ನಾನು ಅಡ್ಡಿ ಬರಬಾರದು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ.

ನಮ್ಮದು ತುರುವೇಕೆರೆ ಕಡೆಯ ಸಣ್ಣ ಕಾಲೇಜು. ವಿಭಾಗ ಎಂದರೆ ಮೂವರು. ಬರುವ ವರ್ಷ ನಿವೃತ್ತಿಯಾಗಲಿರುವ ಮುಖ್ಯಸ್ಥೆ ಪಾರ್ವತಮ್ಮ ಮೇಡಂ, ಸಸ್ಯಶಾಸ್ತ್ರದ ನಾನು, ಮತ್ತೆ ಪ್ರಾಣಿಶಾಸ್ತ್ರಕ್ಕೆ ಬಿಳಿಗೆರೆಯಿಂದ ಬಂದು ಹೋಗುವ ಅತಿಥಿ ಉಪನ್ಯಾಸಕಿ ಸಹನಾ. ಪ್ರಯೋಗಾಲಯ ತೆಂಗಿನ ತೋಟಕ್ಕೆ ಬೆನ್ನು ತಾಗಿಸಿಕೊಂಡು ನಿಂತಿದೆ. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಮಬ್ಬು. ಗರಿಗಳ ನೆರಳು ಗಾಜಿನ ಜಾಡಿಗಳ ಮೇಲೆ ಆಡುವಾಗ ಒಳಗಿರುವ ಕಪ್ಪೆ, ಹಾವು, ಚೇಳುಗಳು ಒಂದಿಷ್ಟು ಸರಿದು ಕೂತಂತೆ ಕಾಣುತ್ತವೆ. ಆಗೊಮ್ಮೆ ಈಗೊಮ್ಮೆ ಹೊರಗೆ ಕಾಯಿ ಧೊಪ್ಪನೆ ಬೀಳುತ್ತದೆ. ತೋಟದಲ್ಲೇ ಹುಟ್ಟಿ ಬೆಳೆದ ನಾನು ಮನೆಯಲ್ಲಾದರೆ ಆ ಸದ್ದಿಗೆ ತಲೆಯನ್ನೂ ಎತ್ತುವುದಿಲ್ಲ. ಇಲ್ಲಿ ಎದ್ದು ನಿಲ್ಲುತ್ತೇನೆ.

ಈ ಜಾಡಿಗಳನ್ನೆಲ್ಲ ಕೂಡಿಸಿಟ್ಟವರು ಸಿದ್ದಲಿಂಗಪ್ಪ ಮೇಷ್ಟ್ರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಲ್ಯಾಟಿನ್. ನಾನು ಅವರ ಕೈಕೆಳಗೆ ಹನ್ನೊಂದು ವರ್ಷ ಇದ್ದೆ. ಎರಡು ವರ್ಷದ ಹಿಂದೆ ತೀರಿಕೊಂಡರು. "ಚೀಟಿ ನೆಟ್ಟಗಿಲ್ದಿದ್ರೆ ಜಾಡೀಲಿರೋದು ಉಪ್ಪಿನಕಾಯಿ ಕಣಪ್ಪ" ಅನ್ನುತ್ತಿದ್ದರು. ಲ್ಯಾಟಿನ್ ಹೆಸರಿನ ಕೆಳಗೆ ಕನ್ನಡದ ಹೆಸರು, ಊರು, ತಾರೀಖು, ಕೊನೆಯಲ್ಲಿ "ಸಂಗ್ರಹಿಸಿದವರು: ಸಿದ್ದಲಿಂಗಪ್ಪ" ಎಂದು ಪ್ರತಿ ಚೀಟಿಯಲ್ಲೂ ಇರಲೇಬೇಕು. ಹುಳು ಹಿಡಿದು ತಂದವರು ಯಾವ ವಿದ್ಯಾರ್ಥಿಯೇ ಆಗಿರಲಿ, ಸಂಗ್ರಹಿಸಿದವರು ಮೇಷ್ಟ್ರೇ. ಅದು ವಿಭಾಗದ ಪದ್ಧತಿ, ಯಾರೂ ಪ್ರಶ್ನಿಸಿದ್ದಿಲ್ಲ.

ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸೋಮವಾರ ಬೆಳಿಗ್ಗೆ ಸಹನಾ ಸ್ಟಾಫ್ ರೂಮಿಗೆ ಬಂದವರು ಕೂರಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ಸರ್, ಸ್ವಲ್ಪ ಲ್ಯಾಬಿಗೆ ಬನ್ನಿ" ಎಂದರು. ಹೋದೆ. ಮಾಯಸಂದ್ರದ ಹುಡುಗಿಯರು ತಮ್ಮ ತೋಟಗಳಿಂದ ಹಿಡಿದು ತಂದಿದ್ದ ಕೊಂಬಿನ ದುಂಬಿ, ಕಪ್ಪುತಲೆ ಹುಳುಗಳನ್ನು ಸಹನಾ ಹಿಂದಿನ ವಾರವಷ್ಟೇ ನಾಲ್ಕು ಜಾಡಿಗಳಲ್ಲಿ ತುಂಬಿಟ್ಟಿದ್ದರು. ಆಗ ಅವಕ್ಕೆ ಚೀಟಿ ಇರಲಿಲ್ಲ. ಈಗ ನಾಲ್ಕಕ್ಕೂ ಇತ್ತು. ಬಲಕ್ಕೆ ಬಾಗಿದ ಮೇಷ್ಟ್ರ ಅದೇ ಅಕ್ಷರ, ಕೆಳಗೆ ಸುರುಳಿ ಸುತ್ತಿದ ಅದೇ ಒತ್ತು. ಊರು ಮಾಯಸಂದ್ರ. ತಾರೀಖು ಮೊನ್ನೆಯದು. ಸಂಗ್ರಹಿಸಿದವರು: ಸಿದ್ದಲಿಂಗಪ್ಪ.

ನನ್ನ ನರಮಂಡಲ ತನ್ನ ಕೆಲಸ ಶುರು ಮಾಡಿತು. ಯಾರೋ ತಮಾಷೆ ಮಾಡಿದ್ದಾರೆ ಬಿಡಿ ಎಂದೇನೋ ಅಂದೆ, ಆ ಧ್ವನಿ ನನ್ನದೇ ಅನ್ನಿಸಲಿಲ್ಲ. ಗಂಗಣ್ಣನನ್ನು ಕರೆದು ಕೇಳಿದರೆ ಅವನು ಜಾಡಿಯನ್ನೇ ನೋಡುತ್ತಾ, "ಬೀಗದ ಕೈ ನನ್ ಸೊಂಟದಲ್ಲೇ ಐತೆ ಸಾ, ನಮ್ಮೋರ್ ಬಿಟ್ರೆ ಯಾರ್ಗೂ ಬಾಗ್ಲು ತೆಗ್ದಿಲ್ಲ. ಆ ಅಕ್ಸರ ಬರಿಯೋರು ಈ ಕಾಲೇಜಲ್ಲಿ ಒಬ್ರೇ ಇದ್ದದ್ದು. ಅವ್ರು ಹೋದ್ರು ಅಂತ ನಾವ್ ಅಂದ್ಕೊಂಡಿದ್ದೋ, ಅಷ್ಟೆ" ಎಂದ. ಪಾರ್ವತಮ್ಮ ಮೇಡಂ ಕನ್ನಡಕ ಏರಿಸಿ ಓದಿ, "ಅರ್ಧಕ್ಕೆ ಕೆಲಸ ಬಿಟ್ಟೋಗೋ ಅಭ್ಯಾಸ ಅವರಿಗೆ ಇರ್ಲಿಲ್ಲ ಕಣ್ರೀ" ಎಂದು ವ್ಯಾನಿಟಿ ಬ್ಯಾಗಿನಿಂದ ಕರ್ಪೂರ ತೆಗೆದರು. ಸ್ಪಿರಿಟ್ ಇರುವ ಕೋಣೆಯಲ್ಲಿ ಕರ್ಪೂರ ಹಚ್ಚಿದರೆ ನಾವೂ ಮೇಷ್ಟ್ರ ಜೊತೆಗೇ ಸೇರುತ್ತೇವೆ ಎಂದು ಬೇಡಿಕೊಂಡ ಮೇಲೆ ವಿಭೂತಿಗೆ ಒಪ್ಪಿದರು. ಅಂದು ಮಧ್ಯಾಹ್ನದ ಹೊತ್ತಿಗೆ ನಮ್ಮ ಕಪ್ಪೆ, ಚೇಳುಗಳೆಲ್ಲ ಹಣೆಗೆ ಮೂರು ಪಟ್ಟೆ ಬಳಿದುಕೊಂಡು ನಿಂತಿದ್ದವು.

ಸಹನಾಗೆ ಮಾತ್ರ ವಿಭೂತಿಯಿಂದ ಸಮಾಧಾನವಾಗಲಿಲ್ಲ. "ನಾನು ಶನಿವಾರದವರೆಗೆ ಮಾತ್ರ ಬರ್ತೀನಿ ಸರ್. ತಿಪಟೂರಲ್ಲಿ ಒಂದು ಕಡೆ ಕರೀತಿದ್ದಾರೆ" ಎಂದರು. ತಮಾಷೆ ಬದಿಗಿಟ್ಟು ಹೇಳುತ್ತೇನೆ, ನನಗೆ ಸಂಕಟವಾಯಿತು. ವರ್ಷದ ನಡುವೆ ಆಕೆ ಹೋದರೆ ಇನ್ನೊಬ್ಬರು ಸಿಗುವುದಿಲ್ಲ, ಪ್ರಾಣಿಶಾಸ್ತ್ರ ಮುಚ್ಚಿಹೋಗುತ್ತದೆ. ಆಕೆಯ ಪಾಠ ಕೇಳಿಯೇ ಆ ಹುಡುಗಿಯರು ಹುಳು ಹಿಡಿಯಲು ಮರದ ಬುಡ ಸುತ್ತತೊಡಗಿದ್ದರು. ನಾನು ಹೂವಿನ ದಳ ಎಣಿಸುವವನು, ಅವರಿಗೆ ನನ್ನಿಂದ ಏನೂ ದಕ್ಕುವುದಿಲ್ಲ. ಹೇಗಾದರೂ ಮಾಡಿ ಆಕೆಯನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಇದು ಮನುಷ್ಯರ ಕೈವಾಡವೆಂದು ಸಾಬೀತು ಮಾಡಬೇಕು ಎಂದು ನಿಶ್ಚಯಿಸಿದೆ.

ಶುಕ್ರವಾರ ಊಟದ ಬಿಡುವಿನಲ್ಲಿ ಎಲ್ಲರನ್ನೂ ಲ್ಯಾಬಿನಲ್ಲಿ ಕೂರಿಸಿ ಕೈಗೊಂದು ಹಾಳೆ ಕೊಟ್ಟೆ. "ತೆಂಗಿನ ಕಪ್ಪುತಲೆ ಹುಳು, ಮಾಯಸಂದ್ರ. ಬರೀರಿ" ಎಂದೆ. ಗಂಗಣ್ಣನ ಅಕ್ಷರಗಳು ಒಂದೊಂದು ಒಂದೊಂದು ದಿಕ್ಕಿಗೆ ಹೊರಟಿದ್ದವು. ಮೇಡಂ ಅಕ್ಷರ ದುಂಡಗೆ, ಸಹನಾರದು ಸಾಸಿವೆಯಷ್ಟು. ಯಾವುದೂ ಚೀಟಿಗೆ ಹೋಲಲಿಲ್ಲ. ನಾನು ಗಡ್ಡ ತುರಿಸಿಕೊಂಡೆ.

"ನೀವು ಬರೀಲಿಲ್ಲ ಸರ್" ಎಂದರು ಸಹನಾ.

"ನಾನ್ಯಾಕಮ್ಮ?"

"ಎಲ್ಲರೂ ಅಂದ್ರಲ್ಲ ಸರ್."

ನಕ್ಕು ಬರೆದೆ. ಪಾಠ ಇಂಗ್ಲಿಷಿನಲ್ಲಿ, ಹಾಜರಿ ಮೊಬೈಲಿನಲ್ಲಿ. ಕೈಯಾರೆ ಕನ್ನಡ ಬರೆದು ಯಾವ ಕಾಲವಾಗಿತ್ತೋ. ಬರೆದು ತಲೆಯೆತ್ತಿದರೆ ಎಲ್ಲರ ಕಣ್ಣೂ ನನ್ನ ಹಾಳೆಯ ಮೇಲಿತ್ತು. ಹೊರಗೆ ಕಾಯಿ ಬಿತ್ತು, ಯಾರೂ ಬೆಚ್ಚಲಿಲ್ಲ. ಗಂಗಣ್ಣ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದ. ಹಾಳೆ ನೋಡಿಕೊಂಡೆ. ಅಕ್ಷರ ಬಲಕ್ಕೆ ಬಾಗಿತ್ತು. ಒತ್ತು ಸುರುಳಿ ಸುತ್ತಿತ್ತು. ನಾನೇ ಹೇಳಿದ ಮಾತುಗಳ ಕೆಳಗೆ, ಯಾರೂ ಹೇಳದೆ ನಾನು ಇನ್ನೊಂದು ಸಾಲು ಬರೆದಿದ್ದೆ. ಸಂಗ್ರಹಿಸಿದವರು: ಸಿದ್ದಲಿಂಗಪ್ಪ.

ಇದಕ್ಕೆ ಕಾರಣ ಇದೆ, ಇಲ್ಲವೆನ್ನುವುದಿಲ್ಲ. ಆ ಹನ್ನೊಂದು ವರ್ಷ ಮೇಷ್ಟ್ರು ನಾನು ಬರೆದ ಚೀಟಿಗಳನ್ನು ಹರಿದು ಹಾಕಿ, ತಮ್ಮ ಅಕ್ಷರಕ್ಕೆ ಹೊಂದುವವರೆಗೂ ಮತ್ತೆ ಮತ್ತೆ ಬರೆಸಿದ್ದರು. ಚೀಟಿಗಳು ಕಾಣಿಸಿಕೊಳ್ಳುವ ಮುಂಚಿನ ಶನಿವಾರ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಗಂಗಣ್ಣನಿಂದ ಬಾಗಿಲು ತೆಗೆಸಿ ಅಲ್ಲಿ ಕೂತಿದ್ದೂ ನಿಜ. ಕಾಗದ ಕತ್ತರಿಸಿದ್ದು ನೆನಪಿದೆ. ಬರೆದದ್ದು ನೆನಪಿಲ್ಲ. ಮನೆಗೆ ಹೋಗಿ ಅಟ್ಟದಿಂದ ನನ್ನ ಕಾಲೇಜು ದಿನಗಳ ನೋಟ್ ಪುಸ್ತಕ ಇಳಿಸಿ ನೋಡಿದೆ. ದುಂಡನೆಯ ಮುದ್ದು ಅಕ್ಷರ. ಯಾವನೋ ಹುಡುಗನದು ಅನ್ನಿಸಿತೇ ವಿನಾ ನನ್ನದೆಂದು ಗುರುತು ಹತ್ತಲಿಲ್ಲ.

ಸಹನಾ ಉಳಿದರು. "ಬದುಕಿರೋರ್ನ ಕಂಡ್ರೆ ನಂಗೇನೂ ಭಯ ಇಲ್ಲ ಸರ್" ಎಂದು ಮರುದಿನವೇ ತಿಪಟೂರಿಗೆ ಫೋನು ಮಾಡಿ ಬರುವುದಿಲ್ಲವೆಂದು ತಿಳಿಸಿದರು. ಈಗ ವಿಭಾಗದಲ್ಲಿ ಹೆದರುವವನು ನಾನೊಬ್ಬನೇ. ರಾಜೀನಾಮೆ ಕೊಡೋಣವೆಂದರೆ ಅದನ್ನೂ ಕೈಯಲ್ಲಿ ಬರೆಯಬೇಕು, ಕೆಳಗೆ ಯಾರ ಹೆಸರು ಬೀಳುತ್ತದೋ ಗೊತ್ತಿಲ್ಲ.

ಮೊನ್ನೆ ಗಂಗಣ್ಣ ಎಂದಿಲ್ಲದ ವಿನಯದಿಂದ ಎರಡೂ ಕೈಯಲ್ಲಿ ಟೀ ತಂದಿಟ್ಟ. ಒಂದು ಗುಟುಕಿಗೇ ತಿಳಿಯಿತು, ಸಕ್ಕರೆ ಹಾಕಿರಲಿಲ್ಲ. ನಾನು ಎರಡು ಚಮಚ ಹಾಕಿಸಿಕೊಳ್ಳುವವನು. ಸಕ್ಕರೆ ಇಲ್ಲದ ಟೀ ಕುಡಿಯುತ್ತಿದ್ದವರು ಮೇಷ್ಟ್ರು. ವಾಪಸು ತೆಗೆದುಕೊಂಡು ಹೋಗಯ್ಯ ಎಂದು ಗದರೋಣವೆಂದು ಲೋಟ ಎತ್ತಿದೆ. ಖಾಲಿಯಾಗಿತ್ತು.