ಎರಡು ಕ್ಲೌಡ್, ಒಂದು ರಜೆ

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ತಮಾಷೆ ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಅದೇ ಬಂದು ಮೇಜಿನ ಮುಂದೆ ಕೂರುತ್ತದೆ. ನಾನು ದೆಹಲಿ ಹತ್ತಿರದ ಮಾನೇಸರ್‌ನ ಒಂದು ಕಾರ್ ಸೀಟಿನ ಕಾರ್ಖಾನೆಯಲ್ಲಿದ್ದೆ. ಕ್ಲೌಡ್ ಎಂಬ ಮಾತು ಆಗಷ್ಟೇ ಕಿವಿಗೆ ಬೀಳುತ್ತಿತ್ತು. ಯಾವ ಸೀಟು ಯಾವಾಗ ತಯಾರಾಗಬೇಕೆಂದು ಹೇಳುವ ನಮ್ಮ ಸಾಫ್ಟ್‌ವೇರ್ ಇನ್ನು ಮೇಲೆ ಹೊರಗಿನ ಕಂಪನಿಯ ಕಂಪ್ಯೂಟರುಗಳಲ್ಲಿ ಓಡಬೇಕೆಂದು ಮಾಲೀಕರು ಹಟ ಹಿಡಿದರು. ಅದೂ ಎರಡು ಕಂಪನಿ. ಒಂದು ಕೈಕೊಟ್ಟರೆ ಇನ್ನೊಂದು.

ಅದು ಮುಗಿಯುವವರೆಗೆ ನನಗೆ ರಜೆಯಿಲ್ಲ. ಅತ್ತ ದಾವಣಗೆರೆಯಲ್ಲಿ ನನ್ನ ನಿಶ್ಚಿತಾರ್ಥ ಆಗಲೇ ಎರಡು ಸಲ ಮುಂದೆ ಹೋಗಿತ್ತು. "ಹುಡುಗಿ ಮನೆಯವರು ಇನ್ನು ಕಾಯಲ್ಲ ಕಣಪ್ಪಾ" ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ನಿಜಕ್ಕೂ ಭಯವಾಯಿತು.

ಕೊತ್ತಂಬರಿ

ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮಾಲೀಕರು ತರಕಾರಿ ಭಯ್ಯಾನಿಂದ ಪುಕ್ಕಟೆ ಕೊತ್ತಂಬರಿ ಪಡೆಯದೆ ಮನೆಗೆ ಹೋದವರಲ್ಲ. ಎರಡೂ ಕಂಪನಿಯ ಸೇಲ್ಸ್‌ನವರನ್ನು ಒಟ್ಟಿಗೆ ಕೂರಿಸಿ ಚೌಕಾಸಿ ಮಾಡಿದರು. ಮುಗಿದ ಮೇಲೆ, "ಅಚ್ಛಾ, ಮೇಲೆ ಏನು ಕೊಡ್ತೀರಿ?" ಎಂದರು. ಒಬ್ಬ ತನ್ನ ಲ್ಯಾಪ್‌ಟಾಪ್ ಬ್ಯಾಗನ್ನು ಖಾಲಿ ಮಾಡಿ ಕೊಟ್ಟುಬಿಟ್ಟ. ಇನ್ನೊಬ್ಬ ಮೆಲ್ಲಗೆ ಲ್ಯಾಪ್‌ಟಾಪನ್ನು ಬೆನ್ನ ಹಿಂದೆ ಸರಿಸಿಕೊಂಡ.

ಗೇಟ್ ಪಾಸ್

ಡೇಟಾವನ್ನು ಕ್ಲೌಡಿಗೆ ಕಳಿಸುವ ದಿನ ಸ್ಟೋರ್ಸ್ ಮ್ಯಾನೇಜರ್ ಅಡ್ಡ ಬಂದರು. "ಗೇಟ್ ಪಾಸ್ ಇಲ್ಲದೆ ಒಂದು ಬೋಲ್ಟೂ ಹೊರಗೆ ಹೋಗಲ್ಲ."

"ಇದು ವೈರಲ್ಲಿ ಹೋಗುತ್ತೆ ಸರ್."

"ಹೋಗೋದು ಹೌದು ತಾನೆ?" ಎಂದು ಪಾಸ್ ಬರೆಯಲು ಕೂತರು. "ವಾಪಸ್ ಬರೋ ಮಾಲೋ, ಬಾರದ ಮಾಲೋ?"

"ಇಲ್ಲೂ ಇರುತ್ತೆ, ಅಲ್ಲೂ ಇರುತ್ತೆ."

ಅವರು ಪೆನ್ನು ಕೆಳಗಿಟ್ಟರು. "ಬೇಟಾ, ಹಾಗಿರೋನು ದೇವರೊಬ್ಬನೇ. ಅವನಿಗೆ ಪಾಸ್ ಬೇಡ, ಹೋಗು."

ಪರೀಕ್ಷೆ

ಕೊನೆಗೆ ಮಾಲೀಕರು, "ಒಂದು ಕ್ಲೌಡ್ ಆಫ್ ಮಾಡು. ಕೆಲಸ ನಿಲ್ಲದಿದ್ದರೆ ಊರಿಗೆ ಹೋಗು" ಎಂದರು. ಮಾಡಿದೆ. ಕಾರ್ಖಾನೆ ಓಡುತ್ತಲೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾಲೀಕರಿಗೆ ಹುರುಪು ಬಂತು. "ಚಲೋ, ಎರಡನೆಯದನ್ನೂ ಆಫ್ ಮಾಡು."

"ಸರ್, ಆಮೇಲೆ ಏನೂ ಉಳಿಯಲ್ಲ."

"ನೋಡೋಣ."

ನಿಶ್ಚಿತಾರ್ಥದ ಆಸೆ ಬಿಟ್ಟು ಬಟನ್ ಒತ್ತಿದೆ. ಕಾರ್ಖಾನೆ ಆಗಲೂ ಓಡುತ್ತಲೇ ಇತ್ತು. ಎಲ್ಲರೂ ನನ್ನ ಮುಖ ನೋಡಿದರು.

ಫೋರ್‌ಮನ್ ಸಂಕೋಚದಿಂದ ಬಾಯಿಬಿಟ್ಟರು. "ಸಾಹೇಬ್, ಮಷೀನುಗಳಿಗೆ ಮಾಡೋ ವಿಶ್ವಕರ್ಮ ಪೂಜೆ ಇನ್ನೂ ಆಗಿಲ್ಲವಲ್ಲ. ಪೂಜೆಗೆ ಮುಂಚೆ ಹೊಸದನ್ನ ಹೇಗೆ ಮುಟ್ಟೋದು? ನಾವು ಹಳೇ ಕಂಪ್ಯೂಟರಲ್ಲೇ ಇದ್ದೀವಿ."

ಮಾಲೀಕರು ನನ್ನತ್ತ ತಿರುಗಿದರು. "ಮೊದಲನೆಯದನ್ನ ಆಫ್ ಮಾಡಿದ್ವಿ, ಏನೂ ಆಗಲಿಲ್ಲ. ಎರಡನೆಯದನ್ನ ಮಾಡಿದ್ವಿ, ಏನೂ ಆಗಲಿಲ್ಲ. ಈಗ ನೀನು ಹೋಗು. ಏನಾಗುತ್ತೋ ಅದನ್ನೂ ನೋಡೋಣ."

ಖುಷಿಯಲ್ಲಿ ರೈಲು ಹತ್ತಿದೆ. ಆ ಮಾತಿನ ಅರ್ಥ ಹೊಳೆದದ್ದು ಭೋಪಾಲ್ ದಾಟಿದ ಮೇಲೆ. ಉಂಗುರ ತೊಡಿಸುವ ಮುಂಚೆ ಕಾರ್ಖಾನೆಗೆ ಫೋನ್ ಮಾಡಿ, ಏನಾದರೂ ನಿಂತಿದೆಯಾ ಎಂದು ಆಸೆಯಿಂದ ಕೇಳಿದೆ. ಎಲ್ಲ ಚೆನ್ನಾಗಿ ಓಡುತ್ತಿತ್ತು.