ಏಳದ ಏಳು

ನಮ್ಮ ಮನೆಯಲ್ಲಿ ಇಬ್ಬರು ಇಂಜಿನಿಯರುಗಳಿದ್ದೇವೆ. ಒಬ್ಬಳು ನನ್ನ ಹೆಂಡತಿ. ವಿದ್ಯುತ್ ಉಪಕೇಂದ್ರದಲ್ಲಿ ಕೆಲಸ. ಅವಳು ಒಂದು ಸ್ವಿಚ್ಚು ತಪ್ಪಿ ಒತ್ತಿದರೆ ಅರ್ಧ ಊರು ಕತ್ತಲು. ಇನ್ನೊಬ್ಬ ನಾನು, ನೀರಿನ ಟ್ಯಾಂಕುಗಳ ನಕ್ಷೆಗೆ ಸಹಿ ಹಾಕುವವನು. ಲೆಕ್ಕವನ್ನೆಲ್ಲ ಈಗ ಕಂಪ್ಯೂಟರೇ ಮಾಡಿಬಿಡುವುದರಿಂದ ಸಹಿಯಲ್ಲಿ ನನಗೆ ಅಪಾರ ಪಾಂಡಿತ್ಯ ಬಂದಿದೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಮಗಳಿಗೆ ಏನೇ ಸಂಶಯ ಬಂದರೂ ನನ್ನನ್ನು ದಾಟಿಕೊಂಡು ತಾಯಿಯ ಹತ್ತಿರ ಹೋಗುತ್ತಾಳೆ. ದಾರಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರೂ ಅಷ್ಟೆ, ಕುರ್ಚಿಯನ್ನು ಸುತ್ತಿಕೊಂಡು ಹೋಗುತ್ತಾಳೆ. ನನ್ನ ಬಳಿ ಬರುವುದು ವೈಫೈ ಕೈಕೊಟ್ಟಾಗ ಮಾತ್ರ. (ಅದಕ್ಕೂ ಆರಿಸಿ ಮತ್ತೆ ಹಾಕುವುದರ ಹೊರತು ನನಗೆ ಬೇರೆ ವಿದ್ಯೆ ತಿಳಿಯದೆಂಬುದು ಇತ್ತೀಚೆಗೆ ಅವಳಿಗೆ ಗೊತ್ತಾಗಿಬಿಟ್ಟಿದೆ.)

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಮಗಳು ತಿಂಡಿ ಮುಟ್ಟದೆ ಕೂತಿದ್ದಳು. ಮುಂದೆ ಕಿರುಪರೀಕ್ಷೆಯ ಉತ್ತರಪತ್ರಿಕೆ, ಅದರ ತುಂಬ ಕೆಂಪು ಶಾಯಿ.

"ನಂಗಿದು ಆಗಲ್ಲಪ್ಪ. ಬೇರೆ ಏನಾದ್ರೂ ಓದ್ತೀನಿ," ಎಂದಳು.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ತಣ್ಣಗೆ, ಎಲ್ಲ ಯೋಚಿಸಿ ತೀರ್ಮಾನ ಮಾಡಿದವಳ ಹಾಗೆ ಹೇಳಿದ್ದರಿಂದ ನನಗೆ ಹೆದರಿಕೆಯಾಯಿತು. ಚಿಕ್ಕಂದಿನಲ್ಲಿ ಮನೆಯ ಗಡಿಯಾರವನ್ನೆಲ್ಲ ಬಿಚ್ಚಿ ಹರಡಿದ ಹುಡುಗಿ ಇವಳು.

ಪತ್ರಿಕೆ ತೆಗೆದುಕೊಂಡು ನೋಡಿದೆ. ಒಂದು ತುದಿ ಗೋಡೆಯಲ್ಲಿ ಹೂತಿರುವ ಏಳು ಮೀಟರಿನ ತೊಲೆ, ಇನ್ನೊಂದು ತುದಿಗೆ ಭಾರ; ಆ ತುದಿ ಎಷ್ಟು ಬಾಗುತ್ತದೆ ಎಂಬುದು ಪ್ರಶ್ನೆ. ಸೂತ್ರ ಸರಿ, ಹಂತಗಳು ಸರಿ, ಅಕ್ಷರವೂ ಮುದ್ದು. ಉತ್ತರ ಮಾತ್ರ ಎರಡು ಕೋಟಿ ಎಪ್ಪತ್ತನಾಲ್ಕು ಲಕ್ಷ ಚಿಲ್ಲರೆ ಮೀಟರ್. ಎಂದರೆ ತೊಲೆ ಭೂಮಿಯನ್ನು ಕೊರೆದುಕೊಂಡು ಆಚೆ ಬದಿಯಲ್ಲಿ ಹೊರಬಿದ್ದು, ಇನ್ನೂ ಅಷ್ಟೇ ದೂರ ಮುಂದಕ್ಕೆ ಹೋಗುತ್ತದೆ. ಕೆಳಗೆ ಮೇಷ್ಟರು ಕೆಂಪಿನಲ್ಲಿ, 'ತೊಲೆ ಎಲ್ಲಿಗೆ ಹೊರಟಿದೆ?' ಎಂದು ವಿಚಾರಿಸಿದ್ದರು.

ನನಗೆ ರೋಗ ತಕ್ಷಣ ತಿಳಿಯಿತು. ಸೂತ್ರದ ಕೆಳಗಿನ ಸಾಲಿನಲ್ಲಿದ್ದ ಮೂರನ್ನೂ ಇಪ್ಪತ್ತು ಸಾವಿರವನ್ನೂ ಗುಣಿಸಿ, ಬಂದದ್ದರಿಂದ ಭಾಗಿಸಬೇಕಿತ್ತು. ಇವಳು ಬ್ರಾಕೆಟ್ ಹಾಕದೆ ಸಾಲಾಗಿ ಒತ್ತಿಕೊಂಡು ಹೋಗಿದ್ದಾಳೆ. ಕ್ಯಾಲ್ಕುಲೇಟರ್ ಪಾಪ, ಮೂರರಿಂದ ಭಾಗಿಸಿ ಇಪ್ಪತ್ತು ಸಾವಿರದಿಂದ ವಿಧೇಯವಾಗಿ ಗುಣಿಸಿದೆ. ನನ್ನೊಳಗೆ ಮಲಗಿದ್ದ ಮಹಾಪಂಡಿತ ಮೈಮುರಿದು ಎದ್ದ. ಇಂಜಿನಿಯರಿಂಗ್ ಬಿಡುವ ಮಾತು ಆಮೇಲೆ, ಮೊದಲು ಕ್ಯಾಲ್ಕುಲೇಟರ್ ತಗೊಂಡು ಬಾ ಎಂದೆ. ತಟ್ಟೆಗಳನ್ನು ಸರಿಸಿ ಊಟದ ಮೇಜನ್ನೇ ತರಗತಿ ಮಾಡಿದೆ.

ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕಾಲೇಜಿನಲ್ಲಿ ನನ್ನ ಬಳಿ ಇದ್ದದ್ದು ಅಕ್ಕ ಬಳಸಿ ಬಿಟ್ಟ ಕ್ಯಾಲ್ಕುಲೇಟರ್. ಅವಳು ಅದರ ಮೇಲೆ ಸಕ್ಕರೆ ಹೆಚ್ಚಾದ ಚಹಾ ಚೆಲ್ಲಿದ್ದಳು. ಕೊಡುವಾಗ, "ಏಳು ಒಂದು ಬಿಟ್ಟು ಎಲ್ಲಾ ಚೆನ್ನಾಗಿದೆ ಕಣೋ," ಎಂದಿದ್ದಳು. ಒಳಗೆ ಕೂತ ಏಳು ಮತ್ತೆ ಏಳಲೇ ಇಲ್ಲ. ಬೆಳಿಗ್ಗೆ ಹಾಸ್ಟೆಲಿನ ವಾರ್ಡನ್ ಬಾಗಿಲು ಬಡಿದು "ಏಳು, ಏಳು" ಎಂದಾಗ ನಾನೂ ಏಳುತ್ತಿರಲಿಲ್ಲವಾದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಏಳು ಬೇಕಾದಾಗ ಎಂಟರಲ್ಲಿ ಒಂದು ಕಳೆಯುತ್ತಿದ್ದೆ. ಎಪ್ಪತ್ತಕ್ಕೆ ಎಂಬತ್ತರಲ್ಲಿ ಹತ್ತು. ಎಪ್ಪತ್ತೇಳು ಬಂದರೆ ಎಂಬತ್ತೆಂಟರಲ್ಲಿ ಹನ್ನೊಂದು. ಪ್ರತಿಯೊಂದನ್ನೂ ಬ್ರಾಕೆಟ್ಟಿನಲ್ಲಿ ಭದ್ರವಾಗಿ ಕೂರಿಸಬೇಕು. (ಬರೆಯುವಾಗಲೂ ಆ ಚಾಳಿ ಹೋಗಿಲ್ಲ, ನೀವು ಗಮನಿಸಿರುತ್ತೀರಿ.)

ಈ ಸಂಕಟದಲ್ಲಿ ಯಂತ್ರದ ಒಳಹೊರಗೆಲ್ಲ ಕಲಿತುಬಿಟ್ಟೆ. ಮಿಕ್ಕವರು ಮಧ್ಯದ ಉತ್ತರಗಳನ್ನು ಹಾಳೆಯ ಅಂಚಿನಲ್ಲಿ ಬರೆದು, ದಶಾಂಶದ ಬಾಲ ಕತ್ತರಿಸಿ, ಮತ್ತೆ ಒತ್ತುತ್ತ ಬೆವರುವಾಗ ನಾನು ಎಲ್ಲವನ್ನೂ ಯಂತ್ರದ ನೆನಪಿನಲ್ಲೇ ಇಟ್ಟು ಮುಂದೆ ಸಾಗುತ್ತಿದ್ದೆ. ಕೋನದ ಲೆಕ್ಕ ಬಂದರೆ ಪರದೆಯ ಮೂಲೆಯಲ್ಲಿ ಡಿಗ್ರಿಯೋ ರೇಡಿಯನ್ನೋ ಎಂದು ನೋಡದೆ ಬೆರಳು ಇಡುತ್ತಿರಲಿಲ್ಲ. ಸಂಜೆ ಡ್ರಾಯಿಂಗ್ ಹಾಲಿನ ಉದ್ದನೆಯ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು, ಪೆನ್ಸಿಲ್ ಪುಡಿಯ ವಾಸನೆ, ನನ್ನ ಹಲಗೆಯ ಸುತ್ತ ನಾಲ್ಕು ಜನ. ಅಂಥ ಒಂದು ಸಂಜೆ, ಎರಡು ಜಡೆಯ ಹುಡುಗಿಯೊಬ್ಬಳು ಸಂಕೋಚದಿಂದ ಬಂದು ನಿಂತಳು. ಸಂಶಯವಿದೆಯೇ ಎಂದೆ. ತಲೆಯಾಡಿಸಿದಳು. ಹೇಳಿಕೊಟ್ಟೆ. ಮರುದಿನವೂ ಬಂದಳು. ಆ ವರ್ಷವೆಲ್ಲ ಬಂದಳು. ಆಮೇಲೆ ನಮ್ಮ ಮನೆಗೇ ಬಂದಳು. ಇಷ್ಟನ್ನೂ ಮಗಳಿಗೆ ವಿಸ್ತಾರವಾಗಿ ಹೇಳಿದೆ. ಹೆಂಡತಿ ಕಿಟಕಿಯ ಬಳಿ ನಿಂತು ಇಸ್ತ್ರಿ ಮಾಡುತ್ತಿದ್ದಳು.

ಮಗಳ ಮುಖದಲ್ಲಿ ಸ್ವಲ್ಪ ಜೀವ ಬಂದಿತ್ತು. ಗುಂಡಿ ಮುಟ್ಟುವ ಮೊದಲು ಉತ್ತರ ಸುಮಾರು ಎಷ್ಟಿರಬಹುದೆಂದು ಮನಸ್ಸಿನಲ್ಲಿ ಊಹಿಸಿಕೊಳ್ಳಬೇಕು, ಆಗ ಯಂತ್ರ ದಾರಿ ತಪ್ಪಿದರೆ ಕಿವಿ ಹಿಡಿಯಬಹುದು ಎಂದೆ. ತೊಲೆಯನ್ನು ಕಣ್ಣ ಮುಂದೆ ತಂದುಕೊಂಡು, "ಒಂದು ಗೇಣಿನ ಒಳಗೇ," ಎಂದಳು. ಭೇಷ್ ಎಂದೆ. ಇನ್ನು ನೋಡು ಎಂದು ಅವಳ ಹೊಸ ಕ್ಯಾಲ್ಕುಲೇಟರ್ ಎತ್ತಿಕೊಂಡೆ. ಬ್ರಾಕೆಟ್ಟಿನ ಮಹಿಮೆಯನ್ನು ವರ್ಣಿಸುತ್ತಲೇ, ಪರದೆ ನೋಡದೆ, ಹಳೆಯ ವೇಗದಲ್ಲಿ ಒತ್ತಿದೆ. ಬೆರಳುಗಳಿಗೆ ಎಲ್ಲ ನೆನಪಿತ್ತು. ಹದಿಹರೆಯ ತಿರುಗಿ ಬಂದಂತಾಯಿತು.

ಉತ್ತರ, ತೊಂಬತ್ತಾರಕ್ಕೆ ಕೂದಲೆಳೆಯಷ್ಟು ಕಡಿಮೆ. ಏಳು ಮೀಟರಿನ ತೊಲೆ ತೊಂಬತ್ತಾರು ಮೀಟರ್ ಬಾಗಿತ್ತು.

ಹೊಸ ಯಂತ್ರ, ಸರಿಯಿಲ್ಲ ಎಂದೆ. ಮಗಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಒತ್ತಿದ್ದನ್ನು ಎಡದಿಂದ ಬಲಕ್ಕೆ ಓದಿದಳು.

"ಅಪ್ಪ, ನೀವು ಏಳು ಒತ್ತೇ ಇಲ್ಲ. ಎಂಟು ಮೈನಸ್ ಒಂದು ಅಂತಿದೆ. ಅದಕ್ಕೆ ಬ್ರಾಕೆಟ್ಟೂ ಇಲ್ಲ."

ಬೆರಳುಗಳಿಗೆ ಚಾಳಿ ನೆನಪಿತ್ತು, ಬ್ರಾಕೆಟ್ ಮಾತ್ರ ಮರೆತಿತ್ತು. ಕೆಳಗಿನ ಸಾಲಿಗೆ ಶಾಸ್ತ್ರೋಕ್ತವಾಗಿ ಹಾಕಿದ್ದೆ, ಏಳಕ್ಕೆ ಹಾಕಿರಲಿಲ್ಲ. ಅವಳೇ ಅಳಿಸಿ, ನಿಜವಾದ ಏಳನ್ನು ಒತ್ತಿ, ಮಿಕ್ಕದ್ದನ್ನು ಬ್ರಾಕೆಟ್ಟಿನಲ್ಲಿ ಕಟ್ಟಿದಳು. ಏಳು ಸೆಂಟಿಮೀಟರಿಗೂ ಚೂರು ಕಡಿಮೆ ಬಂತು. ಅವಳ ಊಹೆ ಸರಿಯಾಗಿತ್ತು. ಅದನ್ನೇ ನೋಡುತ್ತ ಕೂತು, ಆಮೇಲೆ ನಗತೊಡಗಿದಳು.

ಮಾನ ಉಳಿಸಿಕೊಳ್ಳಲು ನಾನು ಹೆಂಡತಿಯನ್ನು ಸಾಕ್ಷಿಗೆ ಕರೆದೆ. ಕಾಲೇಜಿನಲ್ಲಿ ನಿನಗೆ ಕಲಿಸಿದವನು ನಾನಲ್ಲವೇ ಎಂದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

"ಕಲಿಯೋಕೆ ಬಂದಿರಲಿಲ್ಲ ರೀ. ನನ್ನ ಕ್ಯಾಲ್ಕುಲೇಟರ್ ಜೊತೆ ಬಂದಿದ್ದ ಪುಸ್ತಕವನ್ನ ನಾನು ರಜದಲ್ಲೇ ಓದಿ ಮುಗಿಸಿದ್ದೆ. ಪರೀಕ್ಷೇಲೂ ಡ್ರಾಯಿಂಗ್ ಹಾಲಲ್ಲೂ ಎಲ್ಲರೂ ಏಳು ಅಂತ ಒಂದ್ಸಲ ಒತ್ತಿದ್ರೆ ನೀವು ಐದು ಸಲ ಟಕಟಕ ಅನ್ನಿಸ್ತಿದ್ರಿ. ನಮ್ಮ ಸಾಲಿನವರಿಗೆಲ್ಲ ತಲೆ ಸಿಡೀತಿತ್ತು. ಸ್ವಲ್ಪ ಮೆಲ್ಲಗೆ ಒತ್ತೋಕೆ ಹೇಳಿ ಬಾ ಅಂತ ನನ್ನ ಕಳಿಸಿದ್ರು."

"ಮತ್ತೆ ಹೇಳಲಿಲ್ವಾ?" ಎಂದು ಮಗಳು ಕೇಳಿದಳು.

"ಬಾಯಿ ತೆರೆಯೋ ಮುಂಚೆ ಡೌಟಾ ಅಂತ ಕೇಳಿದ್ರಲ್ಲ ನಿಮ್ಮಪ್ಪ. ಮುಖ ಅಷ್ಟು ಅರಳಿತ್ತು. ಹೌದು ಅಂದುಬಿಟ್ಟೆ."

ಮರುದಿನ ಮತ್ತೆ ಹೇಳಲು ಬಂದಳಂತೆ. ಅದರ ಮರುದಿನವೂ. ನಾನು ಪಾಠ ಹೇಳುವಾಗ ಒತ್ತುತ್ತಿರಲಿಲ್ಲವಾದ್ದರಿಂದ ಹಾಲ್ ನಿಶ್ಶಬ್ದವಾಗಿರುತ್ತಿತ್ತಂತೆ. ಸಾಲಿನವರೇ ಹೋಗು ಹೋಗು ಎಂದು ತಳ್ಳುತ್ತಿದ್ದರಂತೆ. "ಆಮೇಲಾಮೇಲೆ ಯಾರೂ ತಳ್ಳಬೇಕಾಗಿರಲಿಲ್ಲ," ಎಂದು ಇಸ್ತ್ರಿಯ ಕಡೆ ತಿರುಗಿಕೊಂಡಳು. ಇಷ್ಟು ವರ್ಷ ನನ್ನ ಪಾಂಡಿತ್ಯಕ್ಕೆ ಸಿಕ್ಕ ಬಹುಮಾನವೆಂದು ತಿಳಿದಿದ್ದದ್ದು ನನ್ನ ಗಲಾಟೆಗೆ ಸಿಕ್ಕದ್ದು ಎಂದು ತಿಳಿದು, ತಣ್ಣಗಾದ ಚಹಾ ಕುಡಿದೆ.

ಮಗಳು ಬೇರೆ ಓದುವ ಮಾತೆತ್ತಲಿಲ್ಲ. ಮುಂದಿನ ಕಿರುಪರೀಕ್ಷೆಯಲ್ಲಿ ಅವಳ ತೊಲೆಗಳೆಲ್ಲ ಭೂಮಿಯ ಮೇಲೆಯೇ ಉಳಿದವು. ಅದಾದ ಮೇಲಿನ ಭಾನುವಾರ ಅವಳ ಗೆಳತಿಯರು ನಾಲ್ಕು ಜನ ಮನೆಗೆ ಬಂದರು. ಅಂಕಲ್ ಹತ್ತಿರ ಕ್ಯಾಲ್ಕುಲೇಟರ್ ಪಾಠ ಎಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮೇಜಿನ ತುದಿಯಲ್ಲಿ ಕೂತೆ. ಕೆಮ್ಮಿ ಗಂಟಲು ಸರಿಮಾಡಿಕೊಂಡೆ. ಹೆಂಡತಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು.

ಮಗಳು ವ್ಯವಸ್ಥೆಯನ್ನು ವಿವರಿಸಿದಳು. ಪಾಠ ಮಾಡುವವಳು ಅಮ್ಮ. ಅಪ್ಪ ಮೊದಲು ಲೆಕ್ಕ ಒತ್ತುತ್ತಾರೆ, ಎಲ್ಲಿ ತಪ್ಪಿತೆಂದು ಮಿಕ್ಕವರು ಪರದೆ ನೋಡಿ ಹುಡುಕಬೇಕು. ಹಾಗೆ ಕಲಿತದ್ದು ಮರೆಯುವುದಿಲ್ಲ. ಐದು ತಲೆಗಳು ನನ್ನ ಕೈಯ ಮೇಲೆ ಆಸೆಯಿಂದ ಬಾಗಿದವು. ಡ್ರಾಯಿಂಗ್ ಹಾಲಿನಲ್ಲೂ ಯಾರೂ ನನ್ನ ಬೆರಳುಗಳನ್ನು ಇಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ನಾನೂ ಮೈಯೆಲ್ಲ ಕಣ್ಣಾಗಿ, ಒಂದೊಂದೇ ಗುಂಡಿ ಒತ್ತಿದೆ.

ಉತ್ತರ ಸರಿಯಾಗಿ ಬಂತು. ಹುಡುಗಿಯರ ಮುಖ ಬಾಡಿತು.

"ಪರವಾಗಿಲ್ಲ ಅಂಕಲ್," ಎಂದು ಒಬ್ಬಳು ನನ್ನನ್ನು ಸಮಾಧಾನಪಡಿಸಿದಳು. "ಇನ್ನೊಂದ್ಸಲ ಪ್ರಯತ್ನ ಮಾಡಿ."